ರೋಗದ ಗುರುತು, ಮನುಷ್ಯನ ಗುರುತು

ಹದಿನಾರನೆಯ ಶತಮಾನದಲ್ಲಿ ರಚಿತವಾದ ಭಾವಮಿಶ್ರನ ‘ಭಾವಪ್ರಕಾಶ’ವೆಂಬ ಆಯುರ್ವೇದ ಗ್ರಂಥದಲ್ಲಿ ‘ಫಿರಂಗ ರೋಗ’ ಎಂಬ ವ್ಯಾಧಿಯೊಂದರ ವರ್ಣನೆ ಬರುತ್ತದೆ. ಇಂದಿನ ವೈದ್ಯಶಾಸ್ತ್ರ ಸಿಫಿಲಿಸ್ ಎಂದು ಕರೆಯುವ ವ್ಯಾಧಿಯೇ ಇದೆಂದು ವಿದ್ವಾಂಸರು ಗುರುತಿಸಿದ್ದಾರೆ. 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಪೋರ್ಚುಗೀಸರೇ ಮೊದಲಾದ ಐರೋಪ್ಯರಿಗೆ ಈ ನಾಡಿನ ಜನ ಫಿರಂಗಿಗಳೆನ್ನುತ್ತಿದ್ದರು. ಅವರ ಸಂಸರ್ಗದಿಂದ ಬಂದುದಾದ್ದರಿಂದ ರೋಗಕ್ಕೂ ಅದೇ ಹೆಸರಾಯಿತು. ಅದೇ ಕಾಲದಲ್ಲಿ ಯುರೋಪಿನಲ್ಲಿ ಇಟಲಿಯವರು ಈ ವ್ಯಾಧಿಯನ್ನು ಫ್ರೆಂಚರ ರೋಗವೆಂದೂ, ಫ್ರೆಂಚರು ನೇಪಲ್ಸಿನವರ ರೋಗವೆಂದೂ ಕರೆಯುತ್ತಿದ್ದರು. 1918ರ ಇನ್‌ಫ್ಲುಯೆಂಜಾ ಜಗತ್ತಿಗೆಲ್ಲ ಸ್ಪೇನಿನ ಜ್ವರವಾಯಿತು. ಅದು ಸ್ಪೇನಿನಲ್ಲಿ ಹುಟ್ಟಿತೆಂದಲ್ಲ, ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ಆ ದೇಶದ ಪತ್ರಿಕೆಗಳು ಮಾತ್ರ ಅದರ ಸುದ್ದಿಯನ್ನು ಮುಚ್ಚಿಡದೆ ಪ್ರಕಟಿಸಿದವೆಂದು. ಭಾರತದಲ್ಲಿ ಅದೇ ಜ್ವರಕ್ಕೆ ಮುಂಬಯಿಯ ಹೆಸರು ಅಂಟಿತು. ಹೀಗೆ ಸುಮಾರು ಐನೂರು ವರ್ಷಗಳ ಅನುಭವದ ನಂತರ, 2015ರ ಮೇ ತಿಂಗಳಲ್ಲಿ, ಹೊಸ ರೋಗಗಳಿಗೆ ದೇಶ, ಊರು, ಜನಾಂಗ ಅಥವಾ ಪ್ರಾಣಿಯ ಹೆಸರಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಮಾರ್ಗಸೂಚಿಯನ್ನು ಹೊರಡಿಸಿತು.

ಹೆಸರಿನ ಸಮಸ್ಯೆ ಹೊರಮೈಯದು. ಅದರ ಒಳಗೆ ಕಠಿಣವಾದ ಧರ್ಮಸಂಕಟವೊಂದಿದೆ. ರೋಗ ಎಲ್ಲಿದೆ, ಯಾರ ಮೂಲಕ ಹರಡುತ್ತಿದೆ ಎಂಬುದನ್ನು ಹೇಳದೆ ಯಾವ ಸರ್ಕಾರವೂ ಪ್ರಜೆಗಳ ಪ್ರಾಣರಕ್ಷಣೆ ಮಾಡಲಾರದು. ಹಾಗೆ ಹೇಳಿದ ಮಾತು ಸತ್ಯವೇ ಆಗಿದ್ದರೂ, ಕೇಳಿದವರ ಮನಸ್ಸಿನಲ್ಲಿ ಅದು ಮನುಷ್ಯವರ್ಗವೊಂದರ ಮೇಲಣ ಹೇಸಿಗೆಯಾಗಿ ಮಾರ್ಪಡಬಹುದು. ಆ ಹೇಸಿಗೆಯ ಹೊಣೆ ಕೇಳಿದವರದೋ, ಹೇಳಿದವರದೋ? ಗೋಮಂತಕದ ಕಳೆದ ನಾಲ್ಕು ದಶಕಗಳ ಇತಿಹಾಸದಲ್ಲಿ ಈ ಪ್ರಶ್ನೆ ಪುನಃ ಪುನಃ ಎದುರಾಗಿದೆ. ಘಟ್ಟವಿಳಿದು ಬಂದ ಕನ್ನಡಿಗರ ಬದುಕಿಗಂತೂ ಇದು ತೀರ ಸಮೀಪದ ಸಂಗತಿ.

ಎಂಬತ್ತರ ದಶಕದ ಮಧ್ಯಭಾಗದವರೆಗೆ ಗೋವಾದಲ್ಲಿ ಮಲೇರಿಯಾ ಅಷ್ಟು ದೊಡ್ಡ ಸಮಸ್ಯೆಯಾಗಿರಲಿಲ್ಲ. 1986-87ರ ಸುಮಾರಿಗೆ ಪಣಜಿಯಲ್ಲಿ ಅದು ಸಾಂಕ್ರಾಮಿಕವಾಗಿ ಕಾಣಿಸಿಕೊಂಡಿತು. ಮುಂದೆ ಕರಾವಳಿಯ ಇತರ ಪಟ್ಟಣಗಳಿಗೂ ಹಬ್ಬಿತು. ಅದು ಕಟ್ಟಡಗಳ ಭರಾಟೆಯ ಕಾಲ. ಬಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಸೀಮೆಯ ಬರಪೀಡಿತ ಹಳ್ಳಿಗಳಿಂದಲೂ, ಒಡಿಶಾ ಮತ್ತು ಬಿಹಾರಗಳಿಂದಲೂ ಸಹಸ್ರಾರು ಕೂಲಿಕಾರರು ಗೋವಾಕ್ಕೆ ಬಂದರು. ಅವರಲ್ಲಿ ಕೆಲವರ ರಕ್ತದಲ್ಲಿ ಮಲೇರಿಯಾದ ಪರೋಪಜೀವಿ ಇದ್ದುದು ನಿಜ. ವೈವ್ಯಾಕ್ಸ್ ಎಂಬ ಜಾತಿಯ ಪರೋಪಜೀವಿಯು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು, ಜ್ವರ ಬಿಟ್ಟಿತೆಂದು ತಿಳಿದವನಲ್ಲಿ ಮತ್ತೆ ತಲೆಯೆತ್ತುತ್ತದೆ. ಆದುದರಿಂದ ಊರಿನಿಂದ ಹೊರಟಾಗ ಆರೋಗ್ಯವಾಗಿದ್ದವನು ಗೋವಾದಲ್ಲಿ ರೋಗಿಯಾಗುವುದು ಸಾಧ್ಯ.

ಆದರೆ ಪರೋಪಜೀವಿ ತಾನಾಗಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಿಲ್ಲ. ಅದಕ್ಕೆ ಸೊಳ್ಳೆ ಬೇಕು. ನಗರಗಳಲ್ಲಿ ಈ ಕಾರ್ಯವನ್ನು ಮಾಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯು ಗಟಾರದ ಕೊಳಕು ನೀರಿಗಿಂತ ತಿಳಿಯಾದ ನಿಂತ ನೀರನ್ನೇ ಬಯಸುತ್ತದೆ: ಹೊಸ ಸ್ಲ್ಯಾಬಿನ ಮೇಲೆ ಕ್ಯೂರಿಂಗ್‌ಗೆಂದು ನಿಲ್ಲಿಸಿದ ನೀರು, ಕಟ್ಟಡದ ಪಕ್ಕದ ಸಿಮೆಂಟ್ ತೊಟ್ಟಿ, ಪೀಪಾಯಿ, ಹಿತ್ತಲಿನ ಬಾವಿ, ಮುಚ್ಚಳ ಸರಿಯಿಲ್ಲದ ಮಾಳಿಗೆಯ ಟ್ಯಾಂಕು. ಇವುಗಳಲ್ಲಿ ಕೂಲಿಕಾರನ ಸ್ವತ್ತಾದುದು ಒಂದಾದರೂ ಇದೆಯೇ? ಸ್ಲ್ಯಾಬು ಬಿಲ್ಡರನದು, ಟ್ಯಾಂಕು ಫ್ಲ್ಯಾಟಿನ ಮಾಲೀಕರದು, ಬಾವಿ ಮನೆಯೊಡೆಯನದು. ರೋಗಕ್ಕೆ ಎರಡು ಕಾರಣಗಳು ಕೂಡಬೇಕಾಗಿದ್ದು, ಅವುಗಳಲ್ಲಿ ಒಂದು ಬಡವನ ರಕ್ತದಲ್ಲಿಯೂ ಇನ್ನೊಂದು ಉಳ್ಳವನ ನೀರಿನಲ್ಲಿಯೂ ಇದ್ದಿತು. ಜನರ ನಾಲಗೆಯ ಮೇಲೆ ಉಳಿದದ್ದು ಮೊದಲನೆಯದು ಮಾತ್ರ.

ಸರ್ಕಾರ ಕೈಕಟ್ಟಿ ಕೂರಲಿಲ್ಲ. ಸಾರ್ವಜನಿಕ ಆರೋಗ್ಯ ಕಾಯಿದೆಯ ಅನ್ವಯ ಕಟ್ಟಡ ಕಾರ್ಮಿಕರ ರಕ್ತಪರೀಕ್ಷೆ ನಡೆಸಿ ಅವರಿಗೆ ಆರೋಗ್ಯ ಕಾರ್ಡು ಕೊಡುವ ಪದ್ಧತಿ ಜಾರಿಗೆ ಬಂದಿತು. ಕಾರ್ಡು ಮಾಡಿಸುವುದೂ, ನಿವೇಶನದಲ್ಲಿ ಸೊಳ್ಳೆ ಬೆಳೆಯದಂತೆ ನೋಡಿಕೊಳ್ಳುವುದೂ ಮಾಲೀಕ ಮತ್ತು ಗುತ್ತಿಗೆದಾರರ ಕರ್ತವ್ಯವೆಂದಾಯಿತು. ಪಣಜಿಯಲ್ಲಿದ್ದ ಮಲೇರಿಯಾ ಸಂಶೋಧನಾ ಘಟಕದ ವಿಜ್ಞಾನಿಗಳು ಜೈವಿಕ ಕೀಟನಾಶಕವನ್ನೂ, ಲಾರ್ವಾಗಳನ್ನು ತಿನ್ನುವ ಸ್ಥಳೀಯ ಜಾತಿಯ ಸಣ್ಣ ಮೀನುಗಳನ್ನೂ ಬಳಸಿ ನೋಡಿದರು. (ಈ ಉಪಾಯದಲ್ಲಿ ಅಡಗಿರುವ ಜೀವಹಿಂಸೆಯ ಪ್ರಶ್ನೆ ಚಿಕ್ಕದಲ್ಲ, ಅದು ಬೇರೊಂದು ಲೇಖನಕ್ಕೆ ತಕ್ಕ ವಿಷಯ.) ಪರಿಣಾಮವಾಗಿ, ಈ ಶತಮಾನದ ಆರಂಭದಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ಇದ್ದ ಪ್ರಕರಣಗಳು ಎರಡನೆಯ ದಶಕದಲ್ಲಿ ನೂರರ ಲೆಕ್ಕಕ್ಕೆ ಇಳಿದವು. ಇದನ್ನು ಯಶಸ್ಸೆಂದು ಒಪ್ಪದಿರುವುದು ಕೃತಘ್ನತೆ. ಕಾರ್ಡಿನಿಂದ ಮೊದಲ ಲಾಭ ಪಡೆದವನು ಕಾರ್ಮಿಕನೇ ಎಂಬುದನ್ನೂ ಮರೆಯಲಾಗದು. ಜ್ವರವನ್ನು ಸಹಿಸಿಕೊಂಡೇ ದುಡಿಯುವವನಿಗೆ ಪುಕ್ಕಟೆಯ ಪರೀಕ್ಷೆಯೂ ಔಷಧವೂ ದೊರೆತವು.

ಹಾಗಾದರೆ ಆಕ್ಷೇಪವೇನು? ಕರ್ತವ್ಯ ಎರಡಿದ್ದರೂ ಕಣ್ಣಿಗೆ ಬೀಳುವ ಗುರುತು ಒಂದೇ ಆಯಿತೆಂಬುದೇ ಆಕ್ಷೇಪ. ಕಾರ್ಡು ಇದ್ದುದು ಮನುಷ್ಯನ ಜೇಬಿನಲ್ಲಿ. ಸ್ಲ್ಯಾಬಿನ ನೀರಿಗೆ ಯಾವ ಕಾರ್ಡೂ ಇರಲಿಲ್ಲ. ಯಾರ ರಕ್ತವನ್ನು ಹೆಚ್ಚು ಪರೀಕ್ಷಿಸಲಾಗುತ್ತದೆಯೋ ಅವರಲ್ಲಿಯೇ ರೋಗ ಹೆಚ್ಚಾಗಿ ಕಂಡುಬರುವುದು ಸಹಜ. ಹಾಗೆ ಕಂಡುಬಂದ ಸಂಖ್ಯೆಯನ್ನೇ ಮುಂದಿಟ್ಟು ಅವರನ್ನು ಇನ್ನಷ್ಟು ಪರೀಕ್ಷಿಸುವುದು ನ್ಯಾಯವೆನಿಸುತ್ತದೆ. ಹೀಗೆ ಲೆಕ್ಕವೇ ತನಗೆ ತಾನೇ ಸಾಕ್ಷಿಯಾಗಿ ನಿಲ್ಲುತ್ತದೆ. ಕೊಂಕಣಿಯಲ್ಲಿ ‘ಘಾಟಿ’ ಎಂಬ ಪದವಿದೆ. ಘಟ್ಟದ ಮೇಲಿನವನು ಎಂಬಷ್ಟೇ ಅದರ ಮೂಲಾರ್ಥ. ಉಚ್ಚಾರಣೆಯಲ್ಲಿ ಅದು ಬೈಗುಳವಾಗಿ ಎಷ್ಟೋ ಕಾಲವಾಯಿತು. ಕೂಲಿ, ಕೊಳಕು, ಕಳವು ಎಂಬ ಅರ್ಥಚ್ಛಾಯೆಗಳು ಆ ಪದಕ್ಕೆ ಮೊದಲೇ ಅಂಟಿದ್ದವು. ಮಲೇರಿಯಾದ ವರ್ಷಗಳು ರೋಗವೆಂಬ ಛಾಯೆಯನ್ನೂ ಸೇರಿಸಿದವು. ಇದನ್ನು ಕೊಂಕಣಿಗರ ದೋಷವೆಂದು ಮಾತ್ರ ಎಣಿಸುವಂತಿಲ್ಲ. ದಕ್ಷಿಣ ಕನ್ನಡದಲ್ಲಿಯೂ ‘ಘಟ್ಟದವರು’ ಎಂಬ ಮಾತನ್ನು ಆಡುವ ಧಾಟಿಯೊಂದಿದೆ, ಅದನ್ನು ಬಲ್ಲವರು ಬಲ್ಲರು.

ಇಲ್ಲಿ ಇನ್ನೊಂದು ಅಂಶವನ್ನು ಹೇಳದೆ ಬಿಡುವಂತಿಲ್ಲ. ಗೋವಾದ ಪೇಟೆಗಳಲ್ಲಿ ಗುಜರಾತಿ, ಮಾರವಾಡಿ, ಮರಾಠಿ, ಕನ್ನಡ ಮಾತನಾಡುವ ಅನೇಕ ವ್ಯಾಪಾರಿ ಕುಟುಂಬಗಳು ನೆಲೆಸಿವೆ. ಅವರಲ್ಲಿ ಬಹುಮಂದಿಯ ಹಿರಿಯರೂ ಘಟ್ಟವನ್ನೋ ಗಡಿಯನ್ನೋ ದಾಟಿ ಬಂದವರೇ. ರೈಲಿನಲ್ಲಿ ಅವರು ಬಂದ ಊರುಗಳಲ್ಲಿಯೂ ಮಲೇರಿಯಾ ಇದ್ದಿತು. ಆದರೆ ಅಂಗಡಿ ತೆರೆಯಲು ಬಂದವರಿಂದ ರಕ್ತದ ಹನಿಯನ್ನು ಯಾರೂ ಕೇಳಲಿಲ್ಲ, ಇಟ್ಟಿಗೆ ಹೊರಲು ಬಂದವರಿಂದ ಕೇಳಿದರು. ಕೂಲಿಕಾರರು ನಿವೇಶನದಲ್ಲಿಯೇ, ಪರದೆಯಿಲ್ಲದ ಶೆಡ್ಡುಗಳಲ್ಲಿ ಮಲಗುತ್ತಾರೆ, ಆದುದರಿಂದ ಅಪಾಯ ಅಲ್ಲಿಯೇ ಹೆಚ್ಚು ಎಂಬ ಸಮಾಧಾನ ವೈದ್ಯಕೀಯವಾಗಿ ಸರಿ. ಶೆಡ್ಡಿಗೆ ಪರದೆ ಏಕಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ಆ ಸಮಾಧಾನ ಕೇಳುವುದಿಲ್ಲ.

ಮಲೇರಿಯಾದ ಪ್ರಸಂಗದಲ್ಲಿ ಕಾನೂನು ಒಂದು ವರ್ಗವನ್ನು ಗುರುತಿಸಿತು. ಅದೇ ಕಾಲದಲ್ಲಿ ಗೋವಾದ ಇನ್ನೊಂದು ಪ್ರಸಂಗದಲ್ಲಿ ಕಾನೂನು ಒಬ್ಬನೇ ವ್ಯಕ್ತಿಯನ್ನು ಕೂಡಿಹಾಕಿತು. ಡೊಮಿನಿಕ್ ಡಿಸೋಜ ಎಂಬ ಯುವಕ ರಕ್ತದಾನಿ. ಆತ ಇತರರಿಗಾಗಿ ಕೊಟ್ಟ ರಕ್ತದಲ್ಲಿಯೇ ಎಚ್‌ಐವಿ ಸೋಂಕು ಇರುವುದು ತಿಳಿದುಬಂತು. 1989ರ ಫೆಬ್ರವರಿಯಲ್ಲಿ ಪೊಲೀಸರು ಆತನನ್ನು ಕರೆದೊಯ್ದರು. ಬಳಕೆಯಲ್ಲಿಲ್ಲದ ಕ್ಷಯರೋಗ ಚಿಕಿತ್ಸಾಲಯದ ಕಟ್ಟಡವೊಂದರಲ್ಲಿ ಕಾವಲಿನೊಂದಿಗೆ 64 ದಿನ ಇರಿಸಿದರು. ಸೋಂಕಿತರನ್ನು ಪ್ರತ್ಯೇಕಿಸಿ ಇಡುವ ಅಧಿಕಾರವನ್ನು ಗೋವಾದ ಸಾರ್ವಜನಿಕ ಆರೋಗ್ಯ ಕಾಯಿದೆಯ ತಿದ್ದುಪಡಿ ಸರ್ಕಾರಕ್ಕೆ ಕೊಟ್ಟಿತ್ತು. ಆತನ ತಾಯಿ ಲೂಸಿ ಡಿಸೋಜ ಮುಂಬಯಿ ಉಚ್ಚ ನ್ಯಾಯಾಲಯದ ಪಣಜಿ ಪೀಠದ ಮೊರೆಹೊಕ್ಕರು. ಮಗನಿಗೆ ಬಿಡುಗಡೆ ದೊರೆತರೂ ಅಂತಿಮ ತೀರ್ಪು ಕಾಯಿದೆಯ ಪರವಾಗಿಯೇ ಬಂದಿತು. ಪ್ರತ್ಯೇಕವಾಸವು ವ್ಯಕ್ತಿಯ ಸ್ವಾತಂತ್ರ್ಯದ ಮೇಲಿನ ಆಕ್ರಮಣವೆಂಬುದನ್ನು ನ್ಯಾಯಾಲಯ ಒಪ್ಪಿಕೊಂಡಿತು. ಒಬ್ಬನ ಹಕ್ಕಿಗೂ ಸಮಾಜದ ಹಿತಕ್ಕೂ ಘರ್ಷಣೆಯಾದಾಗ ಸಮಾಜದ ಹಿತವೇ ಮೇಲೆಂದು ಹೇಳಿತು.

ಮೇಲುನೋಟಕ್ಕೆ ಈ ತರ್ಕ ಅಕಾಟ್ಯವೆನಿಸುತ್ತದೆ. ಸಾವಿರ ಜನರ ಪ್ರಾಣದ ಮುಂದೆ ಒಬ್ಬನ ಸ್ವಾತಂತ್ರ್ಯವೇನು? ಆದರೆ ತಕ್ಕಡಿಯ ಎರಡು ತಟ್ಟೆಗಳಲ್ಲಿ ನಿಜವಾಗಿ ಏನಿದ್ದಿತೆಂಬುದನ್ನು ಪರಿಶೀಲಿಸಬೇಕು. ಎಚ್‌ಐವಿ ಗಾಳಿಯಿಂದಾಗಲಿ, ಸ್ಪರ್ಶದಿಂದಾಗಲಿ, ಒಂದೇ ಲೋಟದಲ್ಲಿ ನೀರು ಕುಡಿಯುವುದರಿಂದಾಗಲಿ ಹರಡುವುದಿಲ್ಲ. ಇದು 1989ರಲ್ಲಿಯೂ ವೈದ್ಯರಿಗೆ ಗೊತ್ತಿದ್ದ ಸಂಗತಿಯೇ. ಡೊಮಿನಿಕ್‌ನನ್ನು ಕೋಣೆಯಲ್ಲಿಟ್ಟದ್ದರಿಂದ ಯಾರ ಪ್ರಾಣ ಉಳಿಯಿತೆಂದು ತೋರಿಸುವುದು ಕಷ್ಟ. ಅದಕ್ಕೆ ವ್ಯತಿರಿಕ್ತವಾಗಿ, ಪರೀಕ್ಷೆಗೆ ಹೋದರೆ ಪೊಲೀಸರು ಬರುತ್ತಾರೆಂಬ ಸಂದೇಶ ಇಡೀ ರಾಜ್ಯಕ್ಕೆ ತಲುಪಿತು. ಭಯಪಟ್ಟವನು ಪರೀಕ್ಷೆಯಿಂದ ದೂರ ಉಳಿಯುತ್ತಾನೆ, ದೂರ ಉಳಿದವನಿಂದ ಸೋಂಕು ಅರಿವಿಲ್ಲದೆ ಮುಂದಕ್ಕೆ ಹೋಗುತ್ತದೆ. ಸಮಾಜದ ಹಿತದ ತಟ್ಟೆಯಲ್ಲಿ ಇಟ್ಟದ್ದು ಹಿತವಾಗಿರದೆ ಸಮಾಜದ ಭೀತಿ ಮಾತ್ರವಾಗಿದ್ದಿತು. ಡೊಮಿನಿಕ್ 1992ರಲ್ಲಿ ಸೋಂಕಿತರ ನೆರವಿಗಾಗಿ ‘ಪಾಸಿಟಿವ್ ಪೀಪಲ್’ ಎಂಬ ಸಂಸ್ಥೆಯನ್ನು ಕಟ್ಟಿ, ಅದೇ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡರು. ಸೋಂಕಿತರ ವಿರುದ್ಧ ತಾರತಮ್ಯವನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂದುದು 2017ರಲ್ಲಿ. ಜಾರಿಯಾದದ್ದು 2018ರ ಸೆಪ್ಟೆಂಬರಿನಲ್ಲಿ. ಈ ನಡುವೆ, 2014ರಲ್ಲಿ, ದಕ್ಷಿಣ ಗೋವಾದ ರಿವೊಣ ಗ್ರಾಮದ ಶಾಲೆಯೊಂದರಲ್ಲಿ ಅನಾಥಾಶ್ರಮದ 13 ಮಕ್ಕಳು ಸೋಂಕಿತರೆಂಬ ಮಾತು ಹಬ್ಬಿ, ಇತರ ಪಾಲಕರ ವಿರೋಧದಿಂದ ಆ ಮಕ್ಕಳು ಶಾಲೆ ಬಿಡಬೇಕಾಯಿತು. ಆ ಪಾಲಕರು ದುಷ್ಟರೇನೂ ಆಗಿರಲಿಲ್ಲ. ಕಾಲು ಶತಮಾನದ ಹಿಂದೆ ಸರ್ಕಾರವೇ ಕಲಿಸಿದ ಪಾಠವನ್ನು ಅವರು ಮರೆತಿರಲಿಲ್ಲ, ಅಷ್ಟೇ.

ವಾಸ್ಕೋದ ಬೈನಾ ತೀರದ ವಸತಿಯ ಕಥೆಯೂ ಇದೇ ಜಾತಿಯದು. ಲೈಂಗಿಕ ವೃತ್ತಿಯಲ್ಲಿ ಸಿಲುಕಿದ್ದ ಅಲ್ಲಿನ ಮಹಿಳೆಯರಲ್ಲಿ ಕರ್ನಾಟಕ ಮತ್ತು ಆಂಧ್ರದವರು ಅನೇಕರು. ಏಡ್ಸ್ ಎಂದೊಡನೆ ಬೈನಾ ಎಂಬ ಹೆಸರು ಬಾಯಿಗೆ ಬರುತ್ತಿತ್ತು. 2004ರ ಜೂನ್ ತಿಂಗಳ ಮಳೆಯಲ್ಲಿ ಆ ವಸತಿಯನ್ನು ಕೆಡವಲಾಯಿತು. ಅನೇಕ ವರ್ಷಗಳಿಂದ ಅಲ್ಲಿ ಆರೋಗ್ಯ ಸೇವೆ ನೀಡುತ್ತಿದ್ದವರಿಗೆ, ಚದುರಿಹೋದ ಮಹಿಳೆಯರನ್ನು ಹುಡುಕಿ ತಲುಪುವುದು ಇನ್ನೂ ದುಸ್ತರವಾಯಿತು. ವೃತ್ತಿ ನಿಂತಿತೆಂದು ಯಾರೂ ಹೇಳಲಿಲ್ಲ.

ರೋಗಭೀತಿಗೂ ಜುಗುಪ್ಸೆಗೂ ಇರುವ ಅಂತರವನ್ನು ಪ್ರಾಚೀನರು ಬಲ್ಲವರಾಗಿದ್ದರು. ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಮ್ಯಗ್ದರ್ಶನದ ಮೂರನೆಯ ಅಂಗವಾದ ನಿರ್ವಿಚಿಕಿತ್ಸೆಗೆ, ಅಂದರೆ ಹೇಸಿಕೊಳ್ಳದಿರುವ ಗುಣಕ್ಕೆ, ಉದ್ದಾಯನ ರಾಜನು ನಿದರ್ಶನ. ಕಥೆ ಪರಿಚಿತವೇ. ಕುಷ್ಠರೋಗಿಯಾದ ಮುನಿಯ ವೇಷದಲ್ಲಿ ದೇವನೊಬ್ಬನು ಪರೀಕ್ಷಿಸಲು ಬರುತ್ತಾನೆ; ಉಂಡ ಆಹಾರವನ್ನೆಲ್ಲ ವಾಂತಿ ಮಾಡಿಕೊಳ್ಳುತ್ತಾನೆ; ದುರ್ಗಂಧಕ್ಕೆ ಪರಿಜನರು ಓಡಿಹೋಗುತ್ತಾರೆ. ರಾಜನೂ ರಾಣಿ ಪ್ರಭಾವತಿಯೂ ಅಲ್ಲಿಯೇ ನಿಂತು, ತಾವು ಕೊಟ್ಟ ಆಹಾರವೇ ಒಗ್ಗಲಿಲ್ಲವೇನೋ ಎಂದು ನೊಂದುಕೊಂಡು, ನೀರಿನಿಂದ ಆತನ ಮೈ ತೊಳೆಯುತ್ತಾರೆ. ಪರ್ವಕಾಲದ ಪ್ರವಚನಗಳಲ್ಲಿ ಈ ಕಥೆಯನ್ನು ಕೇಳಿದವರು ರಾಜನ ಭಕ್ತಿಯನ್ನು ಮೆಚ್ಚುತ್ತಾರೆ. ನೀರು ತಂದು ತೊಳೆದನೆಂಬ ಮಾತಿನತ್ತ ಗಮನ ಅಷ್ಟಾಗಿ ಹೋಗುವುದಿಲ್ಲ. ಕೊಳೆಯನ್ನು ಕೊಳೆಯಲ್ಲವೆಂದು ರಾಜನು ಭಾವಿಸಲಿಲ್ಲ, ರೋಗವನ್ನು ರೋಗವಲ್ಲವೆಂದೂ ಹೇಳಲಿಲ್ಲ. ಮಾಡಬೇಕಾದ ಶುಚಿಕಾರ್ಯವನ್ನು ಮಾಡಿದನು, ಮುಖ ತಿರುಗಿಸಲಿಲ್ಲ. ಓಡಿಹೋದ ಪರಿಜನರಾದರೋ ಶುಚಿಕಾರ್ಯವನ್ನೂ ಮಾಡಲಿಲ್ಲ.

ರತ್ನತ್ರಯದಿಂದ ಪವಿತ್ರವಾದ ಮುನಿದೇಹದ ಕುರಿತು ಹೇಳಿದ ಮಾತನ್ನು ಕೂಲಿಕಾರನಿಗೆ ಅನ್ವಯಿಸುವುದು ಯುಕ್ತವೇ ಎಂಬ ಆಕ್ಷೇಪ ಬರಬಹುದು. ಅದು ಬರಬೇಕಾದ ಆಕ್ಷೇಪವೇ. ಆದರೆ ಅದೇ ಶ್ಲೋಕದ ಮೊದಲ ಭಾಗ ದೇಹವು ಸ್ವಭಾವತಃ ಅಶುಚಿಯೆಂದು ಹೇಳುತ್ತದೆ. ಅಲ್ಲಿ ಯಾವ ದೇಹಕ್ಕೂ ವಿನಾಯಿತಿಯಿಲ್ಲ. ಎಲ್ಲ ದೇಹಗಳೂ ಸ್ವಭಾವದಿಂದ ಸಮಾನವಾಗಿದ್ದರೆ, ಸ್ನಾನದ ಸೌಕರ್ಯವಿರುವ ದೇಹವು ಅದಿಲ್ಲದ ದೇಹವನ್ನು ಕಂಡು ಹೇಸುವುದಕ್ಕೆ ಆಧಾರವೆಲ್ಲಿದೆ?

ಜುಗುಪ್ಸೆಗೆ ರೋಗಕ್ಕಿಂತ ಆಯುಷ್ಯ ಹೆಚ್ಚು ಎಂಬುದಕ್ಕೆ ಕುಷ್ಠವೇ ಸಾಕ್ಷಿ. ಅದನ್ನು ಸಂಪೂರ್ಣವಾಗಿ ಗುಣಪಡಿಸುವ ಬಹು ಔಷಧ ಚಿಕಿತ್ಸೆ 1980ರ ದಶಕದ ಆರಂಭದಲ್ಲಿಯೇ ಬಂದಿತು. ರೋಗಿಗಳನ್ನು ಹಿಡಿದು ಬೇರ್ಪಡಿಸಲು ಬ್ರಿಟಿಷರು ಮಾಡಿದ 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠವು ವಿವಾಹ ವಿಚ್ಛೇದನಕ್ಕೆ ಕಾರಣವೆಂಬ ವಿಧಿಯನ್ನು ವೈಯಕ್ತಿಕ ಕಾನೂನುಗಳಿಂದ ತೆಗೆದುಹಾಕಿದ್ದು 2019ರಲ್ಲಿ. ಮಾತ್ರೆ ನುಂಗಿ ಗುಣವಾದವನಿಗೂ ಮೂರು ದಶಕಗಳಿಗೂ ಮಿಕ್ಕಿ ಕಾನೂನಿನ ಪುಸ್ತಕದಲ್ಲಿ ರೋಗಿಯ ಸ್ಥಾನವೇ ಇದ್ದಿತು.

ಕೊರೋನಾ ಕಾಲದ ನೆನಪು ಎಲ್ಲರಲ್ಲಿಯೂ ಹಸಿಯಾಗಿದೆಯಾದ್ದರಿಂದ ವಿಸ್ತಾರ ಅನಗತ್ಯ. 2020ರ ಮಾರ್ಚ್ 25ರಂದು ಗೋವಾದಲ್ಲಿ ಕಂಡುಬಂದ ಮೊದಲ ಮೂರು ಪ್ರಕರಣಗಳು ವಿದೇಶ ಪ್ರಯಾಣದಿಂದ ಬಂದವರವು. ವಿಮಾನದಲ್ಲಿ ಬಂದ ಈ ರೋಗಕ್ಕೆ ವಿಮಾನಯಾತ್ರಿಗಳೆಂಬ ವರ್ಗದ ಹೆಸರು ಅಂಟಲಿಲ್ಲ. ಜೂನ್ ಆರಂಭದಲ್ಲಿ ವಾಸ್ಕೋದ ಮಾಂಗೋರ್ ಹಿಲ್ ಎಂಬ ಒತ್ತೊತ್ತಾದ ವಸತಿಯನ್ನು ನಿರ್ಬಂಧಿತ ವಲಯವೆಂದು ಸಾರಿದಾಗ ಮಾತ್ರ, ಆ ಗುಡ್ಡದ ಹೆಸರೇ ಕೆಲವು ವಾರ ರೋಗಕ್ಕೆ ಪರ್ಯಾಯಪದವಾಯಿತು. ದೇಶದ ಮಟ್ಟದಲ್ಲಿ ಅದೇ ಏಪ್ರಿಲಿನಲ್ಲಿ ಎರಡು ಧ್ವನಿಗಳು ಒಟ್ಟಿಗೆ ಕೇಳಿಬಂದವು. ಹೋರಾಟ ರೋಗದ ಮೇಲೆಯೇ ಹೊರತು ರೋಗಿಯ ಮೇಲಲ್ಲವೆಂದು ಸರ್ಕಾರ ಉಪದೇಶಿಸುತ್ತಿತ್ತು. ಯಾವುದೇ ಸಮುದಾಯವನ್ನು ರೋಗಕ್ಕೆ ಹೊಣೆ ಮಾಡಬಾರದೆಂದು ಆರೋಗ್ಯ ಸಚಿವಾಲಯದ ಸಲಹಾಪತ್ರವೂ ಹೊರಬಿದ್ದಿತು. ಅದೇ ಸಚಿವಾಲಯದ ದಿನನಿತ್ಯದ ಪತ್ರಿಕಾಗೋಷ್ಠಿಯಲ್ಲಿ ದೆಹಲಿಯ ಒಂದು ಧಾರ್ಮಿಕ ಸಮಾವೇಶಕ್ಕೆ ಸಂಬಂಧಿಸಿದ ಪ್ರಕರಣಗಳ ಲೆಕ್ಕವನ್ನು ಪ್ರತ್ಯೇಕವಾಗಿ ಓದಲಾಗುತ್ತಿತ್ತು. ಸಂಖ್ಯೆ ಸುಳ್ಳಾಗಿರಲಿಲ್ಲ. ಆದರೆ ಮದುವೆ, ಮಾರುಕಟ್ಟೆ, ರಾಜಕೀಯ ಸಭೆಗಳಿಗೆ ಅಂತಹ ಪ್ರತ್ಯೇಕ ಕಲಮು ಇರಲಿಲ್ಲ. ಉಪದೇಶಕ್ಕಿಂತ ಕೋಷ್ಟಕ ಬಲವಾದ ಸಂದೇಶವೆಂಬುದನ್ನು ಆ ದಿನಗಳಲ್ಲಿ ಬೀದಿಯ ತರಕಾರಿ ಮಾರುವವರು ಅನುಭವದಿಂದ ಅರಿತರು.

ಗೋವಾದಲ್ಲಿ ಘಾಟಿಯೆನಿಸಿಕೊಂಡ ಕನ್ನಡಿಗ ಇತರೆಡೆ ಬೇಲಿ ಹಾಕುವವನೂ ಆದನು. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕವು ತಲಪಾಡಿಯಲ್ಲಿ ಕೇರಳದ ಗಡಿಯನ್ನು ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆ ಗಡಿಯಲ್ಲಿ ಸಿಲುಕಿದರು, ಚಿಕಿತ್ಸೆ ಸಿಗದೆ ಸಾವುಗಳೂ ಸಂಭವಿಸಿದವು. ಅವರಲ್ಲಿ ಕನ್ನಡ ಮಾತೃಭಾಷೆಯವರೂ ಇದ್ದ ಜಿಲ್ಲೆ ಅದು. ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ತುರ್ತು ರೋಗಿಗಳಿಗೆ ದಾರಿ ಬಿಡುವ ಒಪ್ಪಂದ ಏಪ್ರಿಲಿನಲ್ಲಿ ಏರ್ಪಟ್ಟಿತು. ಭಾಷೆ ಒಂದೇ ಆಗಿದ್ದರೂ, ಸಂಬಂಧಿಕರು ಅತ್ತಲೂ ಇತ್ತಲೂ ಇದ್ದರೂ, ಮಣ್ಣಿನ ದಿಣ್ಣೆಯೊಂದು ಎದ್ದೊಡನೆ ಆಚೆಯವರು ರೋಗವಾಗಿಬಿಟ್ಟರು.

ಮೊದಲು ಎತ್ತಿದ ಪ್ರಶ್ನೆಗೆ, ಅಂದರೆ ಹೊಣೆ ಹೇಳಿದವರದೋ ಕೇಳಿದವರದೋ ಎಂಬುದಕ್ಕೆ, ಈ ಪ್ರಸಂಗಗಳಿಂದ ದೊರೆಯುವ ಉತ್ತರ ಪೂರ್ಣವಲ್ಲದಿದ್ದರೂ ಸ್ಪಷ್ಟವಾಗಿದೆ. ಕೇಳುವವರ ಮನಸ್ಸಿನಲ್ಲಿ ಹೇಸಿಗೆಯ ಬೀಜ ಮೊದಲೇ ಇರುತ್ತದೆಂಬುದು ಹೇಳುವವರಿಗೆ ಗೊತ್ತಿರುವ ಸಂಗತಿ. ಗೊತ್ತಿದ್ದು ನೀರೆರೆದವನು ಬೀಜ ತನ್ನದಲ್ಲವೆಂದು ಜಾರಿಕೊಳ್ಳುವಂತಿಲ್ಲ. ರೋಗದ ಮಾಹಿತಿಯನ್ನು ಮುಚ್ಚಿಡಬೇಕೆಂದು ಇದರ ಅರ್ಥವಲ್ಲ, ಮುಚ್ಚಿಟ್ಟರೆ ವದಂತಿ ಇನ್ನೂ ಕ್ರೂರವಾಗುತ್ತದೆ. ಇಂತಹ ಜನರಿಂದ ರೋಗ ಬಂತೆನ್ನುವ ಬದಲು ಇಂತಹ ನೀರಿನಿಂದ, ಇಂತಹ ಕೋಣೆಯಿಂದ, ಇಂತಹ ಕೃತ್ಯದಿಂದ ಬಂತೆನ್ನುವುದು ಸತ್ಯಕ್ಕೆ ಇನ್ನಷ್ಟು ಹತ್ತಿರವಾದ ಮಾತು. ಕನ್ನಡ ಬಲ್ಲ ಕಾರ್ಮಿಕನಿಗೆ ಕನ್ನಡದಲ್ಲಿ, ಒಡಿಯಾ ಬಲ್ಲವನಿಗೆ ಒಡಿಯಾದಲ್ಲಿ ಅದನ್ನು ತಿಳಿಸಿದರೆ ಆತನು ತಪಾಸಣೆಗೆ ಗುರಿಯಾದವನಾಗಿರದೆ ತಿಳಿವಳಿಕೆಗೆ ಪಾಲುದಾರನಾಗುತ್ತಾನೆ. ಮನೆಗೆಲಸದವಳಿಗೆ ಬೇರೆ ಲೋಟ ಇಟ್ಟಿರುವ ಮನೆಗಳು ಕೊರೋನಾಕ್ಕೆ ಮುಂಚೆಯೂ ಇದ್ದವು. ಆ ಲೋಟಕ್ಕೆ ಆರೋಗ್ಯವೆಂಬ ಸಮರ್ಥನೆ ದೊರೆತದ್ದು ಮಾತ್ರ ಹೊಸದು, ರೋಗ ಹೋದ ಮೇಲೂ ಅದು ಅದೇ ಗೂಡಿನಲ್ಲಿದೆ.

ಗೋವಾದ ಕಾಯಿದೆಯಲ್ಲಿ ನಿವೇಶನದ ನೀರಿನ ಹೊಣೆ ಮಾಲೀಕನದೆಂಬುದು ಈಗಾಗಲೇ ಬರೆದಿದೆ. ಹೊಸ ಕಾನೂನು ಬೇಕಾಗಿಲ್ಲ. ಕಾರ್ಮಿಕನ ಜೇಬಿನಲ್ಲಿ ಕಾರ್ಡು ಇರುವಂತೆ ಕಟ್ಟಡದ ಬಾಗಿಲಿಗೂ ಒಂದು ಕಾರ್ಡು ತೂಗುಹಾಕಿ, ತೊಟ್ಟಿ ಖಾಲಿ ಮಾಡಿದ ದಿನಾಂಕ, ಟ್ಯಾಂಕಿನ ಮುಚ್ಚಳ ನೋಡಿದವರ ಸಹಿ, ಶೆಡ್ಡಿಗೆ ಕೊಟ್ಟ ಪರದೆಗಳ ಸಂಖ್ಯೆ ಬರೆದಿಡುವುದಕ್ಕೆ ಬೇಕಾದ ಖರ್ಚು ಅತ್ಯಲ್ಪ. ಜೂನ್ ತಿಂಗಳ ಮಳೆ ಬೀಳುವ ಮೊದಲು ಅದನ್ನು ಮೊದಲು ಮಾಡಬೇಕಾದದ್ದು ಸ್ವಂತ ಅಂಗಡಿ, ಗೋದಾಮು, ಫ್ಲ್ಯಾಟುಗಳನ್ನು ಕಟ್ಟಿಸುತ್ತಿರುವವರೇ.